ಚಕ್ರಬಡ್ಡಿ ಮತ್ತು ಬಾಂಧವ್ಯ

ಶೇಕಡಾ 8ರ ಚಕ್ರಬಡ್ಡಿಯಲ್ಲಿಟ್ಟ ಹಣವು ಸುಮಾರು 9 ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ. ಅಮೆರಿಕದ ವಾರೆನ್ ಬಫೆಟ್ ಅವರು ಮೊದಲ ಷೇರು ಕೊಂಡದ್ದು 11ನೆಯ ವಯಸ್ಸಿನಲ್ಲಿ. ಅವರ ಸಂಪತ್ತಿನ ಬಹುಭಾಗ ಕೂಡಿದ್ದು 60 ದಾಟಿದ ಮೇಲೆ. ಬುದ್ಧಿಯ ಜೊತೆಗೆ ಕಾಲವೂ ದುಡಿಯಿತು.

ಬಾಂಧವ್ಯಕ್ಕೂ ಕಾಲವೇ ಬಂಡವಾಳ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1938ರಲ್ಲಿ ಆರಂಭವಾದ ಅಧ್ಯಯನವೊಂದು ಅಲ್ಲಿನ ವಿದ್ಯಾರ್ಥಿಗಳು, ಮುಂದೆ ಕೂಡಿಕೊಂಡ ಬಾಸ್ಟನ್ನಿನ ಬಡ ಕೇರಿಗಳ ಹುಡುಗರು ಸೇರಿ 724 ಮಂದಿಯ ಜೀವನವನ್ನು ದಶಕಗಳ ಕಾಲ ಅನುಸರಿಸಿತು. (ಎಲ್ಲರೂ ಗಂಡಸರೇ, ಹೆಂಗಸರನ್ನು ಕೇಳುವ ಬುದ್ಧಿ ಬಂದದ್ದು ತಡವಾಗಿ.) ಅವರ 80ರ ವಯಸ್ಸಿನ ಆರೋಗ್ಯವನ್ನು ಮುಂಚಿತವಾಗಿ ಸೂಚಿಸಿದ್ದು 50ರ ವಯಸ್ಸಿನ ಕೊಲೆಸ್ಟರಾಲ್ ಪ್ರಮಾಣವಲ್ಲ, ಸಂಬಂಧಗಳಲ್ಲಿ ಅವರಿಗಿದ್ದ ತೃಪ್ತಿ.

ಹಾಗೆಂದು ಹಣವು ಹಗುರವಾದುದೇನೂ ಅಲ್ಲ. ಆಸ್ಪತ್ರೆಯ ಬಿಲ್ಲನ್ನು ಸ್ನೇಹ ತೀರಿಸದು. ಆದರೆ ಊರು ಬಿಟ್ಟು ಮುಂಬಯಿ, ಪುಣೆಗಳಲ್ಲಿ ನೆಲೆಸಿದವನು ಉಳಿತಾಯವನ್ನು ಮೊದಲ ಸಂಬಳದಿಂದಲೇ ಆರಂಭಿಸಿ, ನಂಟರ ಭೇಟಿಯನ್ನು ಮಾತ್ರ ನಿವೃತ್ತಿಗೆ ಮುಂದೂಡುತ್ತಾನೆ. ನಿವೃತ್ತಿಯ ಹಣದಿಂದ ಹೊಸ ಠೇವಣಿ ತೆರೆಯಬಹುದು. ಮೂವತ್ತು ವರ್ಷದ ಗೆಳೆತನವನ್ನು ಅಂದು ತೆರೆಯಲಾಗದು. ಠೇವಣಿಯ ಅರ್ಜಿಯಲ್ಲಿ ನಾಮಿನಿಯ ವಿಳಾಸಕ್ಕೆಂದು ಅಂಕಣವೊಂದಿದೆ. ತಮ್ಮನ ಹೆಸರನ್ನು ಸ್ಫುಟವಾಗಿ ಬರೆದು, ಆ ಅಂಕಣದ ಮುಂದೆ ಲೇಖನಿ ತಡೆದು ಕುಳಿತುಬಿಡುವ ಹಿರಿಯರನ್ನು ಬ್ಯಾಂಕಿನ ಕೌಂಟರುಗಳು ಕಂಡಿವೆ.