ಆಟದ ಬಂದೂಕಿಗೆ ಅನಿಲದ ಆಯ್ಕೆ

‘ಏರ್‌ಸಾಫ್ಟ್’ ಎಂಬುದು 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಕ್ರೀಡೆ. ಬಂದೂಕಿನ ವಿಷಯದಲ್ಲಿ ಅಲ್ಲಿನ ಕಾಯಿದೆ ಬಹು ಕಠಿಣವಾದುದರಿಂದ, 6 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗುಂಡನ್ನು ಹಾರಿಸುವ ಆಟದ ಬಂದೂಕುಗಳು ಬಳಕೆಗೆ ಬಂದವು. 1991ರಲ್ಲಿ ಟೋಕಿಯೋ ಮಾರುಯಿ ಸಂಸ್ಥೆಯು ವಿದ್ಯುತ್ ಬಂದೂಕನ್ನು ಹೊರತಂದಿತು. ಇದರಲ್ಲಿ ಮೋಟಾರು ಸ್ಪ್ರಿಂಗನ್ನು ಹಿಂದಕ್ಕೆಳೆಯುತ್ತದೆ. ಸ್ಪ್ರಿಂಗ್ ಮರಳುವಾಗ ಪಿಸ್ಟನ್ ಗಾಳಿಯನ್ನು ಒತ್ತಿ ಗುಂಡನ್ನು ನೂಕುತ್ತದೆ. ಸ್ಪ್ರಿಂಗ್ ಮತ್ತು ಪಿಸ್ಟನ್‌ಗಳನ್ನು ತೆಗೆದು, ಆ ಕೆಲಸವನ್ನು ಒತ್ತಡದ ಅನಿಲಕ್ಕೆ ವಹಿಸುವ ಜೋಡಣೆಯೇ ಅನಿಲ ಪರಿವರ್ತನೆಯ ಕಿಟ್ಟು.

ಹಾಗಾದರೆ ಯಾವ ಅನಿಲ? ದ್ರವರೂಪದಲ್ಲಿ ತುಂಬಿದ ಅನಿಲದ ಒತ್ತಡವು ಉಷ್ಣತೆಯನ್ನು ಅವಲಂಬಿಸಿದೆ. ಜಪಾನಿನಲ್ಲಿ ಬಹುಕಾಲ ಬಳಸಿದ ಎಚ್‌ಎಫ್‌ಸಿ-134ಎ ಅನಿಲದ ಒತ್ತಡ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 5.7 ಬಾರ್, 0 ಡಿಗ್ರಿಯಲ್ಲಿ 2.9 ಮಾತ್ರ. 20 ಡಿಗ್ರಿಯಲ್ಲಿ ಪ್ರೋಪೇನಿನ ಒತ್ತಡ ಸುಮಾರು 8.4 ಬಾರ್, ಇಂಗಾಲದ ಡೈಆಕ್ಸೈಡಿನದು 57 ಬಾರ್. ಪ್ರೋಪೇನ್ ಬೇಗ ಹೊತ್ತಿಕೊಳ್ಳುವಂಥದು. ಬೆಂಕಿಯ ಬಳಿ ಸಲ್ಲದು. ಮೇಲಾಗಿ ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆದುದರಿಂದ ಬಿಡುವಿಲ್ಲದೆ ಹಾರಿಸಿದರೆ ಪಾತ್ರೆ ತಣ್ಣಗಾಗಿ ಗುಂಡಿನ ವೇಗ ಕುಗ್ಗುತ್ತದೆ.

ಅಧಿಕ ಒತ್ತಡದ ಗಾಳಿಗೆ ಈ ತೊಡಕು ಬಹುಮಟ್ಟಿಗೆ ಇಲ್ಲ. 200 ಅಥವಾ 300 ಬಾರ್ ಒತ್ತಡದ ಸಿಲಿಂಡರಿನಿಂದ ಬರುವ ಗಾಳಿಯನ್ನು ರೆಗ್ಯುಲೇಟರು ಸುಮಾರು 4ರಿಂದ 8 ಬಾರ್‌ಗೆ ಇಳಿಸಿ, ಒಂದೇ ಸಮನಾಗಿ ಒದಗಿಸುತ್ತದೆ. ಆದರೆ ಸಿಲಿಂಡರನ್ನು ಹೊರಬೇಕು, ಕೊಳವೆಯನ್ನು ಎಳೆದಾಡಬೇಕು, ಗಾಳಿ ತುಂಬಿಸಲು ತಕ್ಕ ಏರ್ಪಾಡೂ ಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. 0.20 ಗ್ರಾಂ ತೂಕದ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 1 ಜೂಲ್. ಅದೇ ಒತ್ತಡದಲ್ಲಿ ಭಾರವಾದ ಗುಂಡನ್ನಿಟ್ಟರೆ, ಅದು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಅನಿಲವೂ ಹೆಚ್ಚು ಹೊತ್ತು ತಳ್ಳುತ್ತದೆ. ವೇಗ ತಗ್ಗಿದರೂ ಶಕ್ತಿ ಏರಬಹುದು. ಹಗುರ ಗುಂಡಿನಿಂದ ಪರೀಕ್ಷೆ ಮಾಡಿಸಿ ಭಾರದ ಗುಂಡಿನಿಂದ ಆಡುವವನು, ತನಗೆ ಅರಿವಿಲ್ಲದೆಯೇ ಮಿತಿಯನ್ನು ದಾಟಿರಬಹುದು. ಜಪಾನಿನಲ್ಲಿ 2006ರ ಕಾಯಿದೆಯಿಂದ ಈ ಮಿತಿ ಸುಮಾರು 0.98 ಜೂಲ್, ಬ್ರಿಟನ್ನಿನಲ್ಲಿ 2017ರ ಕಾಯಿದೆಯಂತೆ ಎಡೆಬಿಡದೆ ಹಾರಿಸುವ ಬಂದೂಕಿಗೆ 1.3, ಒಂದೊಂದಾಗಿ ಹಾರಿಸುವುದಕ್ಕೆ 2.5 ಜೂಲ್.

ಆದುದರಿಂದ ಕಿಟ್ಟನ್ನು ಕೊಳ್ಳುವವನು ಕೇಳಬೇಕಾದುದು ‘ಎಷ್ಟು ಜೋರು?’ ಎಂದಲ್ಲ, ‘ಎಷ್ಟು ಸ್ಥಿರ?’ ಎಂದು. ಒಮ್ಮೆ ಗೊತ್ತುಮಾಡಿದ ಒತ್ತಡವನ್ನು ಆಟದ ನಡುವೆ ಯಾರೂ ಬದಲಿಸದಂತೆ ಬೀಗವಿರುವ ರೆಗ್ಯುಲೇಟರೇ ಉತ್ತಮ. ಆಡುವ ಗುಂಡಿನಿಂದಲೇ ಅಳತೆ ಮಾಡಬೇಕು. ಕಾಯಿದೆಯ ಮಿತಿಯೊಳಗಿನ ಗುಂಡೂ ಕಣ್ಣನ್ನು ಕೆಡಿಸಬಲ್ಲುದು. ಕನ್ನಡಕವಿಲ್ಲದೆ ಯಾವ ಅನಿಲವೂ ಸುರಕ್ಷಿತವಲ್ಲ.