‘ಮೋರ್ ಬೆಟರ್’ ಅಂದವರು ದಡ್ಡರೇ? ಇಂಗ್ಲಿಷ್ ಗುಣವಾಚಕಗಳಲ್ಲಿ ನಾವು ಎಡವುವುದು ಯಾಕೆ?

‘ಈ ತಪ್ಪು ಮಾಡುವವರು ಇಂಗ್ಲಿಷ್ ಮಾತಾಡದಿರುವುದೇ ಒಳ್ಳೆಯದು’ ಎಂಬ ಫಾರ್ವರ್ಡ್ ಮೊನ್ನೆ ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ವಾಟ್ಸಾಪ್ ಗ್ರೂಪ್‌ಗೆ ಬಂತು. ಅದರ ಕೆಳಗೆ ನಗುವ ಎಮೋಜಿಗಳ ಸಾಲು. ಪಕ್ಕದ ಮನೆಯ ಹುಡುಗಿ ಮಾತ್ರ ನಗಲಿಲ್ಲ. ಬಿ.ಕಾಂ ಮುಗಿಸಿರುವ ಅವಳು ಮೊದಲ ಸಂದರ್ಶನದಲ್ಲಿ ‘ಐ ಆ್ಯಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಅಂದಿದ್ದಳು. ಎದುರಿಗಿದ್ದವರು ನಕ್ಕರಂತೆ. ‘ಅವತ್ತಿಂದ ಇಂಗ್ಲಿಷ್‌ನಾಗ ಬಾಯಿ ತಗಿಯಾಕ ಹೆದರಿಕಿ ಆಗತೈತಿ ಅಕ್ಕಾ’ ಅಂದಳು.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ತಪ್ಪುಗಳಿಗೂ ಬುದ್ಧಿಗೂ ಸಂಬಂಧವಿಲ್ಲ. ಕನ್ನಡದ ವ್ಯಾಕರಣವನ್ನು ಇಂಗ್ಲಿಷ್ ಪದಗಳಿಗೆ ಹಚ್ಚಿದಾಗ ಇವು ಹುಟ್ಟುತ್ತವೆ. ಕಾರಣ ಗೊತ್ತಾದರೆ ತಿದ್ದಿಕೊಳ್ಳುವುದು ಸುಲಭ.

ಇಂಟರೆಸ್ಟಿಂಗ್ ಯಾವುದು, ಇಂಟರೆಸ್ಟೆಡ್ ಯಾರು?

ಕನ್ನಡದಲ್ಲಿ ‘ನನಗೆ ಆಸಕ್ತಿ ಇದೆ’, ‘ನನಗೆ ಬೇಸರ ಆಗಿದೆ’ ಎನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಇಂಥ ಕಡೆ ಎರಡು ಗುಣವಾಚಕಗಳಿವೆ. ಭಾವನೆ ಹುಟ್ಟಿಸುವುದಕ್ಕೆ ‘ಇಂಗ್’, ಅದನ್ನು ಅನುಭವಿಸುವವರಿಗೆ ‘ಎಡ್’. ಕೆಲಸ ಇಂಟರೆಸ್ಟಿಂಗ್, ನೀವು ಇಂಟರೆಸ್ಟೆಡ್. ಸುದ್ದಿ ಎಕ್ಸೈಟಿಂಗ್, ಕೇಳಿದವರು ಎಕ್ಸೈಟೆಡ್. ‘ಐ ಆ್ಯಮ್ ಬೋರಿಂಗ್’ ಅಂದರೆ ‘ನಾನು ಬೇರೆಯವರಿಗೆ ಬೇಸರ ತರಿಸುತ್ತೇನೆ’ ಎಂದಾಗುತ್ತದೆ.

‘ಮೋರ್ ಬೆಟರ್’ ಎಲ್ಲಿಂದ ಬಂತು?

‘ಧಾರವಾಡಕ್ಕಿಂತ ಬೆಂಗಳೂರು ದೊಡ್ಡದು’ ಎನ್ನುವಾಗ ಹೋಲಿಕೆಯ ಕೆಲಸವನ್ನೆಲ್ಲ ‘ಗಿಂತ’ ಮಾಡುತ್ತದೆ. ‘ದೊಡ್ಡದು’ ಬದಲಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ಗುಣವಾಚಕವೇ ಬದಲಾಗಬೇಕು: ಬಿಗ್ ಇದ್ದದ್ದು ಬಿಗ್ಗರ್, ಗುಡ್ ಇದ್ದದ್ದು ಬೆಟರ್. ‘ಬ್ಯೂಟಿಫುಲ್’ನಂಥ ಉದ್ದ ಪದಗಳಿಗೆ ಮಾತ್ರ ಹಿಂದೆ ‘ಮೋರ್’ ಬರುತ್ತದೆ. ನಾವು ‘ಇನ್ನೂ ಚಲೋ’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಮೋರ್ ಬೆಟರ್’ ಅಂದುಬಿಡುತ್ತೇವೆ. ಅದರ ಬದಲು ‘ಮಚ್ ಬೆಟರ್’ ಅನ್ನಿ.

ಅಂದಹಾಗೆ, ಷೇಕ್ಸ್‌ಪಿಯರ್ ಕೂಡ ತನ್ನ ನಾಟಕಗಳಲ್ಲಿ ಇಂಥ ಜೋಡಿ ರೂಪಗಳನ್ನು ಬಳಸಿದ್ದಾನೆ! ಆಗ ಅದು ತಪ್ಪೆನಿಸಿರಲಿಲ್ಲ. 1762ರಲ್ಲಿ ಬಂದ ರಾಬರ್ಟ್ ಲೌತ್ ಅವರ ವ್ಯಾಕರಣದಂಥ ಪುಸ್ತಕಗಳು ಇದನ್ನು ತಪ್ಪು ಎಂದವು. ಇಂದಿನ ಪರೀಕ್ಷೆ, ಸಂದರ್ಶನಗಳಲ್ಲಂತೂ ಇದು ತಪ್ಪೇ.

‘ಸೀನಿಯರ್ ದ್ಯಾನ್ ಮಿ’ ಸರಿಯೇ?

‘ಗಿಂತ’ ಅಂದರೆ ‘ದ್ಯಾನ್’ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆದರೆ ಸೀನಿಯರ್, ಜೂನಿಯರ್, ಸುಪೀರಿಯರ್ ಇವು ಲ್ಯಾಟಿನ್‌ನಿಂದ ಬಂದ ಪದಗಳು. ಇವುಗಳ ಮುಂದೆ ‘ಟು’ ಬರಬೇಕು: ‘ಸೀನಿಯರ್ ಟು ಮಿ’. ಹಾಗೆಯೇ ‘ಎಲ್ಡರ್ ದ್ಯಾನ್ ಮಿ’ ಬದಲು ‘ಓಲ್ಡರ್ ದ್ಯಾನ್ ಮಿ’ ಅನ್ನಿ. ‘ಎಲ್ಡರ್ ಬ್ರದರ್’ ಅನ್ನುವುದರಲ್ಲಿ ತಪ್ಪಿಲ್ಲ.

‘ಹಾಟ್ ಹಾಟ್ ಮಿರ್ಚಿ’

ಬಿಸಿ ಬಿಸಿ ಮಿರ್ಚಿ, ಸಣ್ಣ ಸಣ್ಣ ಓಣಿ. ಕನ್ನಡದಲ್ಲಿ ಪದ ಎರಡು ಸಲ ಬಂದರೆ ಮಾತಿಗೆ ಒತ್ತು ಬರುತ್ತದೆ, ಇಲ್ಲವೇ ‘ಹಲವು’ ಎಂಬ ಅರ್ಥ ಬರುತ್ತದೆ. ಭಾರತದ ಮಾತಿನ ಇಂಗ್ಲಿಷ್‌ನಲ್ಲೂ ಈ ರೂಢಿ ಇದೆ. ಗೆಳೆಯರ ನಡುವೆ ಅಡ್ಡಿಯಿಲ್ಲ. ಅರ್ಜಿ, ಇಮೇಲ್‌ಗಳಲ್ಲಿ ಬೇಡ.

ನಿಜಕ್ಕೂ ಅಪಾಯದ ತಪ್ಪು ಇದು

ಟ್ಯಾಂಕರ್‌ಗಳ ಹಿಂದೆ ‘ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ‘ಇನ್‌ಕಂಪ್ಲೀಟ್’ ಅಂದರೆ ಅಪೂರ್ಣ, ಹಾಗಾದರೆ ‘ಇನ್‌ಫ್ಲೇಮಬಲ್’ ಅಂದರೆ ಬೆಂಕಿ ಹತ್ತದ್ದು ಎಂದು ಹಲವರು ತಿಳಿಯುತ್ತಾರೆ. ಅರ್ಥ ಪೂರ್ತಿ ಉಲ್ಟಾ! ಇಲ್ಲಿನ ‘ಇನ್’ ಇಲ್ಲ ಎಂಬ ಅರ್ಥದ್ದಲ್ಲ. ಉರಿ ಹಚ್ಚು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಈ ಪದ ಬಂದಿದೆ. ‘ಫ್ಲೇಮಬಲ್’, ‘ಇನ್‌ಫ್ಲೇಮಬಲ್’ ಎರಡಕ್ಕೂ ಒಂದೇ ಅರ್ಥ: ಸುಲಭವಾಗಿ ಬೆಂಕಿ ಹತ್ತುವಂಥದ್ದು. ಬೆಂಕಿ ಹತ್ತದ್ದಕ್ಕೆ ‘ನಾನ್‌ಫ್ಲೇಮಬಲ್’ ಎನ್ನುತ್ತಾರೆ. ಥಿನ್ನರ್ ಡಬ್ಬಿ, ಸ್ಪ್ರೇ ಬಾಟಲಿಗಳ ಮೇಲೂ ಈ ಪದ ಇರಬಹುದು. ಕಂಡರೆ ಒಲೆ, ದೀಪ, ಬೀಡಿ-ಸಿಗರೇಟಿನಿಂದ ದೂರ ಇಡಿ.

ಕೊನೆಯ ಮಾತು

‘ಮೋರ್ ಬೆಟರ್’ ಅಂದರೆ ಕೇಳುವವರಿಗೆ ಅರ್ಥವಾಗುತ್ತದೆ, ಯಾರಿಗೂ ಹಾನಿಯಿಲ್ಲ. ಆದರೆ ಅದನ್ನು ಆಡಿಕೊಳ್ಳುವ ಫಾರ್ವರ್ಡ್ ಒಬ್ಬ ಹುಡುಗಿಯ ಬಾಯಿ ಮುಚ್ಚಿಸಬಹುದು. ಅಂಥದ್ದು ಬಂದರೆ ಅಲ್ಲೇ ಬಿಡಿ. ಕಳಿಸಲೇಬೇಕು ಅನ್ನಿಸಿದರೆ ‘ಇನ್‌ಫ್ಲೇಮಬಲ್’ ಅರ್ಥವನ್ನು ಕಳಿಸಿ.