ಗಿರಾಕಿಗೊಂದು ಡೇಟಾಬೇಸ್

ಆಡಿಟರ್ ಕಚೇರಿಯ ಕಂಪ್ಯೂಟರಿನಲ್ಲಿ ಟ್ಯಾಲಿಯ ಡೇಟಾ ಫೋಲ್ಡರ್ ತೆರೆದು ನೋಡಿ. ಅಕ್ಕಿ ಗಿರಣಿಯದೊಂದು, ಬಟ್ಟೆ ಅಂಗಡಿಯದೊಂದು, ಹೀಗೆ ಕಂಪನಿಗೊಂದರಂತೆ ಬರೀ ಅಂಕಿಗಳ ಹೆಸರಿನ ಫೋಲ್ಡರ್‌ಗಳು ಕಾಣುತ್ತವೆ. ಗಿರಣಿಯವರು ಆಡಿಟರನ್ನು ಬದಲಿಸಿದರೆ ಅವರ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರಾಯಿತು.

ಇಂಟರ್ನೆಟ್‌ನಲ್ಲಿ ತಿಂಗಳ ಚಂದಾಕ್ಕೆ ಸಿಗುವ ತಂತ್ರಾಂಶಗಳಲ್ಲಿ ಇದು ಇಷ್ಟು ಸಲೀಸಲ್ಲ. ಅಲ್ಲಿ ಒಂದೇ ಪ್ರೋಗ್ರಾಂ ನೂರಾರು ಗಿರಾಕಿಗಳಿಗೆ ದುಡಿಯುತ್ತದೆ. ಕಸುಬಿನವರು ಇಂಥ ಗಿರಾಕಿಯನ್ನು ‘ಟೆನೆಂಟ್’ ಎನ್ನುತ್ತಾರೆ. ಎಲ್ಲರ ಮಾಹಿತಿಯನ್ನೂ ಅವೇ ಟೇಬಲ್‌ಗಳಲ್ಲಿ ತುಂಬಿ, ಪ್ರತಿ ಸಾಲಿಗೂ ಟೆನೆಂಟ್ ಐಡಿ ಹಚ್ಚುವುದು ಅಗ್ಗದ ದಾರಿ. ಸೇಲ್ಸ್‌ಫೋರ್ಸ್‌ನಂಥ ದೈತ್ಯ ಬೆಳೆದದ್ದೂ ಈ ದಾರಿಯಲ್ಲೇ. ಆದರೆ ಇಲ್ಲಿ ಕಾವಲಿಗಿರುವುದು ಕ್ವೆರಿಯ ‘ವೇರ್’ ಷರತ್ತೊಂದೇ. ‘ಬಾಕಿ ಬಿಲ್ಲುಗಳನ್ನು ಕೊಡು’ ಎಂದು ಬರೆದ ಪ್ರೋಗ್ರಾಮರ್ ‘ಟೆನೆಂಟ್ 42ರವು ಮಾತ್ರ’ ಎಂಬುದನ್ನು ಬಿಟ್ಟರೆ, ಒಂದು ಆಸ್ಪತ್ರೆಯ ಪರದೆಗೆ ಉಳಿದೆಲ್ಲ ಆಸ್ಪತ್ರೆಗಳ ಬಿಲ್ಲುಗಳೂ ಬಂದು ಕೂರುತ್ತವೆ. ಒಬ್ಬನೇ ಗಿರಾಕಿಯ ಡೇಟಾ ಇಟ್ಟುಕೊಂಡು ಪರೀಕ್ಷೆ ಮಾಡಿದವರಿಗೆ ಈ ತಪ್ಪು ಕಣ್ಣಿಗೂ ಬೀಳದು.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ 2016ರ ಜನವರಿಯಲ್ಲಿ ತಂದ 9.5 ಆವೃತ್ತಿಯಲ್ಲಿ, ಯಾರಿಗೆ ಯಾವ ಸಾಲು ಕಾಣಬೇಕೆಂದು ಡೇಟಾಬೇಸೇ ಸೋಸಿಕೊಡುವ ಸೌಲಭ್ಯ ಬಂತು. ಅದರಲ್ಲೂ ಒಂದು ಕೊಸರು ಉಂಟು: ನಾವಾಗಿ ಕಡ್ಡಾಯ ಮಾಡದ ಹೊರತು ಟೇಬಲ್‌ನ ಮಾಲೀಕ ಖಾತೆಗೆ ಆ ನಿಯಮ ತಾಗುವುದಿಲ್ಲ. ಪ್ರೋಗ್ರಾಂ ಅದೇ ಖಾತೆಯಲ್ಲಿ ಓಡುತ್ತಿದ್ದರೆ ನಿಯಮ ಇದ್ದೂ ಇಲ್ಲದಂತೆ.

ಪ್ರತಿ ಟೆನೆಂಟ್‌ಗೂ ಸ್ವಂತ ಡೇಟಾಬೇಸ್ ಕೊಟ್ಟರೆ, ಷರತ್ತು ಮರೆತರೂ ಬರುವುದು ಅವರವರದೇ ಬಿಲ್ಲು. ಇದಕ್ಕಿಂತ ದೊಡ್ಡ ಲಾಭ ಬ್ಯಾಕಪ್‌ನದು ಎಂದು ನನ್ನ ಎಣಿಕೆ. ಸಹಕಾರ ಸಂಘವೊಂದರ ಗುಮಾಸ್ತರು ಬೆಳಿಗ್ಗೆ ಹನ್ನೊಂದಕ್ಕೆ ಸದಸ್ಯರ ಪಟ್ಟಿ ಅಳಿಸಿಬಿಟ್ಟರು ಅನ್ನಿ. ಡೇಟಾಬೇಸ್ ಬೇರೆ ಇದ್ದರೆ ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಅದೊಂದನ್ನೇ ಮರಳಿ ತರಬಹುದು. ಎಲ್ಲರದೂ ಕಲಸಿಹೋಗಿದ್ದರೆ ಮಿಕ್ಕ ಸಂಘಗಳ ಬೆಳಗಿನ ವಹಿವಾಟೂ ಜೊತೆಗೆ ಅಳಿಯುತ್ತದೆ. ಇಲ್ಲವೇ ಹಳೆಯ ಬ್ಯಾಕಪ್ಪನ್ನು ಬೇರೆಡೆ ತೆರೆದು, ಬೇಕಾದ ಸಾಲುಗಳನ್ನಷ್ಟೇ ಹೆಕ್ಕಬೇಕು.

ಖರ್ಚೂ ಇದೆ. ಐನೂರು ಗಿರಾಕಿಗಳಿದ್ದರೆ ಹೊಸದೊಂದು ಕಾಲಂ ಸೇರಿಸಲು ಐನೂರು ಕಡೆ ಕೈಯಾಡಿಸಬೇಕು. ನಡುವೆ ಕೆಟ್ಟು ನಿಂತರೆ ಅರ್ಧ ಜನ ಹಳೆಯ ವಿನ್ಯಾಸದಲ್ಲಿ, ಅರ್ಧ ಹೊಸದರಲ್ಲಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಕನೆಕ್ಷನ್ ಒಂದೇ ಡೇಟಾಬೇಸ್‌ಗೆ ಕಟ್ಟುಬಿದ್ದಿರುತ್ತದೆ, ನಾವು ಬದಲಿಸದಿದ್ದರೆ ಕನೆಕ್ಷನ್‌ಗಳ ಮಿತಿ ಸಾಮಾನ್ಯವಾಗಿ 100. ಎಸ್‌ಕ್ಯೂಲೈಟ್‌ನಲ್ಲಿ ಕನೆಕ್ಷನ್ ಮಿತಿಯ ಈ ತಾಪತ್ರಯವಿಲ್ಲ, ಅಲ್ಲಿ ಡೇಟಾಬೇಸ್ ಎಂದರೆ ಡಿಸ್ಕಿನಲ್ಲಿರುವ ಒಂದು ಫೈಲ್. ಏಕಕಾಲಕ್ಕೆ ಒಬ್ಬರೇ ಬರೆಯಬಹುದು ಎಂಬ ಮಿತಿ ಸಣ್ಣ ಸಂಘಕ್ಕೆ ತೊಡಕಾಗದು.

ಪುಕ್ಕಟೆ ಬಳಸುವ ಲಕ್ಷಾಂತರ ಜನರಿಗೆ ಒಂದೊಂದು ಸರ್ವರ್ ಡೇಟಾಬೇಸ್ ಕೊಡುವುದು ದುಂದು. ಆಸ್ಪತ್ರೆ, ಸಹಕಾರ ಸಂಘಗಳಿಗೆ ಕೊಡದಿರುವುದು ಬೇಜವಾಬ್ದಾರಿ. ನಿಮ್ಮ ಸಂಸ್ಥೆಗೆ ತಂತ್ರಾಂಶ ಕೊಳ್ಳುವಾಗ ಮಾರುವವರನ್ನು ಎರಡು ಮಾತು ಕೇಳಿ: ‘ನಮ್ಮದೊಂದನ್ನೇ ನಿನ್ನೆಯ ಸ್ಥಿತಿಗೆ ತರಬಲ್ಲಿರಾ? ನಾವು ಬಿಟ್ಟುಹೋಗುವಾಗ ನಮ್ಮ ಡೇಟಾ ಪೂರ್ತಿ ಕೈಗೆ ಕೊಡುತ್ತೀರಾ?’ ಉತ್ತರವನ್ನು ಬರೆದು ಕೊಡಲು ಹೇಳಿ.